ಡಯಾಪರ್ ಅಗ್ಗವಾಯಿತು, ಚರ್ಮದ ಲೆಕ್ಕ ಯಾರದು?

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದಾಗ ಸುದ್ದಿಯೆಲ್ಲ ಕಾರು, ಟಿವಿ, ಬೆಣ್ಣೆ, ತುಪ್ಪದ ಸುತ್ತಲೇ ಇತ್ತು. ಅದೇ ಪಟ್ಟಿಯಲ್ಲಿ ಯಾರೂ ಹೆಚ್ಚು ಚರ್ಚಿಸದ ಒಂದು ಸಾಲೂ ಇತ್ತು. ಮಕ್ಕಳ ನ್ಯಾಪ್ಕಿನ್ ಮತ್ತು ಕ್ಲಿನಿಕಲ್ ಡಯಾಪರ್‌ಗಳ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿತ್ತು. ಸ್ಯಾನಿಟರಿ ನ್ಯಾಪ್ಕಿನ್ ಮೇಲಿನ ತೆರಿಗೆ 2018ರ ಜುಲೈನಲ್ಲೇ ಪೂರ್ತಿ ರದ್ದಾಗಿತ್ತು. ಹಾಸಿಗೆ ಹಿಡಿದ ಅಪ್ಪನಿಗೋ, ಮೂತ್ರದ ಹಿಡಿತ ತಪ್ಪಿದ ಅಮ್ಮನಿಗೋ ತಿಂಗಳು ತಿಂಗಳು ಡಯಾಪರ್ ತರಿಸುವ ಮನೆಗಳಿಗೆ ಏಳು ವರ್ಷಗಳ ನಂತರ ಒಂದಿಷ್ಟು ಪರಿಹಾರ ಸಿಕ್ಕಿತು.

ಅದೇ ದಿನ ಟಾಲ್ಕಂ ಪೌಡರ್ ಮೇಲಿನ ತೆರಿಗೆಯೂ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಸೋಪಿನದೂ ಹಾಗೆಯೇ. ನಮ್ಮ ಮನೆಗಳಲ್ಲಿ ಡಯಾಪರ್ ಹಾಕುವ ಮುನ್ನ ಸೋಪು ಹಚ್ಚಿ ತಿಕ್ಕಿ ತೊಳೆದು, ಮೇಲೆ ಧಾರಾಳವಾಗಿ ಪೌಡರ್ ಉದುರಿಸುವುದೇ ಆರೈಕೆ ಎಂಬ ನಂಬಿಕೆಯಿದೆ. ಸದಾ ಒದ್ದೆಯಾಗುವ ವಯಸ್ಸಾದ ಚರ್ಮಕ್ಕೆ ಈ ಎರಡೂ ಒಳ್ಳೆಯದಲ್ಲ. ಬೆಲೆ ಇಳಿದ ಮೂರು ವಸ್ತುಗಳಲ್ಲಿ ಎರಡನ್ನು ಕಡಿಮೆ ಬಳಸಬೇಕು, ಮೂರನೆಯದನ್ನು ಸರಿಯಾಗಿ ಬಳಸುವುದನ್ನು ಕಲಿಯಬೇಕು. ಆದರೆ ಅದನ್ನು ಕಲಿಸುವವರು ಯಾರು ಎಂಬ ಪ್ರಶ್ನೆ ಯಾವ ದರಪಟ್ಟಿಯಲ್ಲೂ ಇಲ್ಲ.

ಊರಿನಲ್ಲಿ ಹೆತ್ತವರನ್ನು ಬಿಟ್ಟು ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ದುಡಿಯುವ ನಮಗೆ ಈ ವಿಷಯ ದೂರದ್ದಲ್ಲ. ಮೂತ್ರ ಅಥವಾ ಮಲದ ನಿಯಂತ್ರಣ ತಪ್ಪುವುದನ್ನು ನಾವು ವಸ್ತು ಕೊಂಡು ಬಗೆಹರಿಸುವ ಸಮಸ್ಯೆ ಎಂದುಕೊಂಡಿದ್ದೇವೆ. ಆ್ಯಪ್‌ನಲ್ಲಿ ಆರ್ಡರ್ ಹಾಕಿದರೆ ದಾವಣಗೆರೆಯ ಮನೆ ಬಾಗಿಲಿಗೆ ಪ್ಯಾಕೆಟ್ ತಲುಪುತ್ತದೆ, ನಮ್ಮ ಕರ್ತವ್ಯವೂ ತಲುಪಿದಂತೆ ಅನ್ನಿಸುತ್ತದೆ. ಆದರೆ ಚರ್ಮ ಉಳಿಯುವುದು ಪ್ಯಾಕೆಟ್ಟಿನಿಂದಲ್ಲ. ದಿನಕ್ಕೆ ಐದಾರು ಸಲ, ಸರಿಯಾದ ಹೊತ್ತಿಗೆ, ಸರಿಯಾದ ಕ್ರಮದಲ್ಲಿ ಅದನ್ನು ಬದಲಾಯಿಸುವ ಕೈಗಳಿಂದ. ಸರ್ಕಾರದ ನೀತಿ, ವಿಮೆ ಮತ್ತು ನಮ್ಮ ಮನೆಯ ಬಜೆಟ್ ಮೂರೂ ವಸ್ತುವಿನತ್ತ ನೋಡುತ್ತವೆ, ಆ ಕೈಗಳತ್ತ ನೋಡುವುದಿಲ್ಲ.

252 ರೂಪಾಯಿಯ ಲೆಕ್ಕ

ತೆರಿಗೆ ಇಳಿಕೆಯಿಂದ ಎಷ್ಟು ಉಳಿಯುತ್ತದೆ? ಒಂದು ಡಯಾಪರ್‌ಗೆ ತೆರಿಗೆ ಬಿಟ್ಟು 30 ರೂಪಾಯಿ, ದಿನಕ್ಕೆ ನಾಲ್ಕು ಬೇಕು ಎಂದುಕೊಳ್ಳೋಣ. ತಿಂಗಳಿಗೆ 120 ಡಯಾಪರ್, 3,600 ರೂಪಾಯಿ. ಮೊದಲು ಅದರ ಮೇಲೆ 432 ರೂಪಾಯಿ ತೆರಿಗೆ ಇತ್ತು, ಈಗ 180. ಉಳಿತಾಯ 252 ರೂಪಾಯಿ. ಅಂಗಡಿಯವರು ಇಳಿಕೆಯನ್ನು ಪೂರ್ತಿ ದಾಟಿಸಿದರೆ ಮಾತ್ರ ಈ ಲೆಕ್ಕ.

ಮೊತ್ತ ಸಣ್ಣದಾದರೂ ಅದನ್ನು ಎಲ್ಲಿ ಹಾಕುತ್ತೇವೆ ಎಂಬುದು ಮುಖ್ಯ. ಅನೇಕ ಮನೆಗಳಲ್ಲಿ ಹಿರಿಯರೇ ಡಯಾಪರ್ ಉಳಿಸುತ್ತಾರೆ. ‘ಇನ್ನೂ ತುಂಬಿಲ್ಲ, ಸಂಜೆ ಬದಲಾಯಿಸಿದರೆ ಸಾಕು, ಮಗನ ದುಡ್ಡು ಸುಮ್ಮನೆ ಯಾಕೆ ಹಾಳು’ ಎಂಬ ಮಾತು ಬರುತ್ತದೆ. ಪ್ಯಾಕೆಟ್ ಮೇಲೆ ಇಷ್ಟು ಗಂಟೆ ಬಾಳಿಕೆ ಎಂದು ಬರೆದಿರುವುದೂ ಆ ಮಾತಿಗೆ ಬಲ ಕೊಡುತ್ತದೆ. ಆ ಗಂಟೆಗಳು ಡಯಾಪರ್ ಎಷ್ಟು ಹೊತ್ತು ಮೂತ್ರ ಹೀರಬಲ್ಲದು ಎಂಬುದರ ಲೆಕ್ಕ, ಚರ್ಮ ಎಷ್ಟು ಹೊತ್ತು ತಾಳಬಲ್ಲದು ಎಂಬುದರದ್ದಲ್ಲ. ಮಲ ತಾಗಿದ ಡಯಾಪರ್‌ಗೆ ಆ ಸಂಖ್ಯೆ ಅನ್ವಯಿಸುವುದೇ ಇಲ್ಲ. ಹೀಗೆ ಉಳಿಸಿದ ಒಂದು ಡಯಾಪರ್‌ಗೆ ಪ್ರತಿಯಾಗಿ ಹುಣ್ಣಿನ ಚಿಕಿತ್ಸೆಗೆ ವಾರಗಟ್ಟಲೆ ಖರ್ಚು ಮಾಡಬೇಕಾದೀತು. ಉಳಿದ 252 ರೂಪಾಯಿಯನ್ನು ಚರ್ಮ ಕಾಯುವ ಮುಲಾಮಿಗೂ ಸೌಮ್ಯ ಕ್ಲೆನ್ಸರ್‌ಗೂ ಹಾಕುವುದೇ ಸರಿಯಾದ ಲೆಕ್ಕ.

ಈ ಲೆಕ್ಕ ಮಾಡಬೇಕಾದ ಮನೆಗಳ ಸಂಖ್ಯೆ ಬೆಳೆಯುತ್ತಲೇ ಇದೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಮತ್ತು ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಸೇರಿ ತಂದ 2023ರ ಭಾರತ ವೃದ್ಧಾಪ್ಯ ವರದಿಯ ಪ್ರಕಾರ, 2022ರಲ್ಲಿ ದೇಶದಲ್ಲಿ 60 ದಾಟಿದವರು 14.9 ಕೋಟಿ, ಅಂದರೆ ಜನಸಂಖ್ಯೆಯ ಶೇ 10.5. 2050ರ ಹೊತ್ತಿಗೆ ಈ ಸಂಖ್ಯೆ 34.7 ಕೋಟಿಗೆ, ಶೇ 20.8ಕ್ಕೆ ಏರಲಿದೆ. ಹಿರಿಯರ ಪಾಲು ದಕ್ಷಿಣದ ರಾಜ್ಯಗಳಲ್ಲಿ ರಾಷ್ಟ್ರೀಯ ಸರಾಸರಿಗಿಂತ ಹೆಚ್ಚು. ಕೆಲಸಕ್ಕಾಗಿ ಮಕ್ಕಳನ್ನು ಹೊರಗೆ ಕಳಿಸುವ ಜಿಲ್ಲೆಗಳಲ್ಲಿ ಇದರ ಅರ್ಥ ಸರಳ: ಮನೆಯಲ್ಲಿ ಉಳಿಯುವವರು ಇಬ್ಬರು ಹಿರಿಯರು, ಅವರಲ್ಲಿ ಒಬ್ಬರು ಇನ್ನೊಬ್ಬರನ್ನು ನೋಡಿಕೊಳ್ಳಬೇಕು.

ಚರ್ಮದೊಳಗೆ ನಡೆಯುವುದೇನು

ಆರೋಗ್ಯವಂತ ಚರ್ಮದ ಮೇಲ್ಪದರ ತುಸು ಆಮ್ಲೀಯವಾಗಿರುತ್ತದೆ. ಅದರ ಪಿಎಚ್ ಸುಮಾರು 5. ಈ ಆಮ್ಲೀಯತೆಯೇ ಒಂದು ಕೋಟೆ. ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ಹದ್ದುಬಸ್ತಿನಲ್ಲಿ ಇಡುತ್ತದೆ, ಚರ್ಮದ ಕೊಬ್ಬಿನಂಶವನ್ನು ಕಾಪಾಡುತ್ತದೆ. ಮೂತ್ರ ಚರ್ಮದ ಮೇಲೆ ನಿಂತಾಗ ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಆಗಿ ಒಡೆಯುತ್ತವೆ. ಅಮೋನಿಯಾ ಕ್ಷಾರ. ಪಿಎಚ್ ಏರುತ್ತದೆ, ಕೋಟೆ ಸಡಿಲವಾಗುತ್ತದೆ.

ಅದೇ ಹೊತ್ತಿಗೆ ಮಲವೂ ತಾಗಿದರೆ ಪರಿಸ್ಥಿತಿ ಬಿಗಡಾಯಿಸುತ್ತದೆ. ಮಲದಲ್ಲಿ ಪ್ರೋಟೀನ್ ಮತ್ತು ಕೊಬ್ಬನ್ನು ಜೀರ್ಣಿಸುವ ಕಿಣ್ವಗಳು ಉಳಿದಿರುತ್ತವೆ. ಪಿಎಚ್ ಏರಿದಷ್ಟೂ ಅವು ಚುರುಕಾಗುತ್ತವೆ. ಚರ್ಮ ಆಗಿರುವುದೂ ಪ್ರೋಟೀನ್ ಮತ್ತು ಕೊಬ್ಬಿನಿಂದಲೇ. ನೀರುನೀರಾದ ಭೇದಿಯಲ್ಲಿ ಈ ಕಿಣ್ವಗಳು ಇನ್ನೂ ಹೆಚ್ಚು. ಹಾಗಾಗಿಯೇ ಬರೀ ಮೂತ್ರಕ್ಕಿಂತ ಮಲ ಕೆಟ್ಟದ್ದು, ಎರಡೂ ಸೇರಿದರೆ ಇನ್ನೂ ಕೆಟ್ಟದ್ದು, ಭೇದಿ ಎಲ್ಲಕ್ಕಿಂತ ಕೆಟ್ಟದ್ದು. ಇದರ ಮೇಲೆ ಬೆವರು, ಡಯಾಪರಿನೊಳಗಿನ ಬಿಸಿ, ಬಟ್ಟೆಯ ಉಜ್ಜಾಟ ಸೇರುತ್ತವೆ. ಬಹಳ ಹೊತ್ತು ಬಟ್ಟೆ ಒಗೆದಾಗ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟುವುದನ್ನು ನೋಡಿದ್ದೇವೆ. ತೊಡೆ ಸಂದಿಯ ಚರ್ಮ ಇಡೀ ದಿನ ಆ ಸ್ಥಿತಿಯಲ್ಲಿದ್ದರೆ ಅದು ಎಷ್ಟು ಹೊತ್ತು ತಡೆದೀತು?

ಈಗ ಇದಕ್ಕೆ ಸೋಪನ್ನು ಸೇರಿಸಿ ನೋಡಿ. ಸಾಮಾನ್ಯ ಸ್ನಾನದ ಸೋಪಿನ ಪಿಎಚ್ 9ರಿಂದ 10ರ ಆಸುಪಾಸು. ಪಿಎಚ್ ಮಾಪನದಲ್ಲಿ ಒಂದು ಅಂಕಿ ಏರಿದರೆ ಆಮ್ಲೀಯತೆ ಹತ್ತು ಪಟ್ಟು ಕಡಿಮೆ. 5ರಿಂದ 9ಕ್ಕೆ ಅಂದರೆ ಹತ್ತು ಸಾವಿರ ಪಟ್ಟು ವ್ಯತ್ಯಾಸ. ದಿನಕ್ಕೊಮ್ಮೆ ಸ್ನಾನ ಮಾಡುವವರ ಚರ್ಮ ಇದರಿಂದ ಚೇತರಿಸಿಕೊಳ್ಳುತ್ತದೆ. ದಿನಕ್ಕೆ ಆರು ಸಲ ಸೋಪು ಕಂಡ, ಎಪ್ಪತ್ತೈದು ದಾಟಿದ ತೆಳು ಚರ್ಮಕ್ಕೆ ಆ ಬಿಡುವೇ ಸಿಗುವುದಿಲ್ಲ. ಶುಚಿ ಮಾಡುವ ಉತ್ಸಾಹವೇ ಗಾಯಕ್ಕೆ ಮೊದಲ ಹೆಜ್ಜೆಯಾಗಿಬಿಡುತ್ತದೆ.

ನಮ್ಮ ಮೈಬಣ್ಣದಲ್ಲಿ ‘ಕೆಂಪು’ ಕಾಣುವುದಿಲ್ಲ

ಈ ಉರಿಯೂತದ ಮೊದಲ ಲಕ್ಷಣ ಚರ್ಮ ಕೆಂಪಾಗುವುದು ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಆ ವರ್ಣನೆ ಹೆಚ್ಚಾಗಿ ಬಿಳಿ ಚರ್ಮವನ್ನು ನೋಡಿ ಬರೆದದ್ದು. ಎಣ್ಣೆಗೆಂಪು, ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ‘ಕೆಂಪಾಗಿದೆಯಾ’ ಎಂದು ಫೋನಿನಲ್ಲಿ ಕೇಳಿದರೆ ‘ಇಲ್ಲ’ ಎಂಬ ಪ್ರಾಮಾಣಿಕ ಉತ್ತರ ಬರುತ್ತದೆ, ಒಳಗೆ ಉರಿಯೂತ ಶುರುವಾಗಿರುತ್ತದೆ.

ನೋಡಬೇಕಾದದ್ದು ಬೇರೆ. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಕಪ್ಪಾಗಿದೆಯೇ, ನೇರಳೆ ಛಾಯೆ ಬಂದಿದೆಯೇ? ಅಸಹಜವಾಗಿ ಹೊಳೆಯುತ್ತಿದೆಯೇ? ಮುಟ್ಟಿದರೆ ಬಿಸಿ, ಗಟ್ಟಿ ಅಥವಾ ಮೆತ್ತಗೆ ಅನ್ನಿಸುತ್ತದೆಯೇ? ಒರೆಸುವಾಗ ಉರಿ ಎನ್ನುತ್ತಾರೆಯೇ? ಮಾತು ಕಳೆದುಕೊಂಡವರಾದರೆ ಮುಖ ಹಿಂಡುತ್ತಾರೆಯೇ, ಕೈ ತಳ್ಳುತ್ತಾರೆಯೇ? ಟ್ಯೂಬ್‌ಲೈಟ್‌ಗಿಂತ ಕಿಟಕಿಯ ಬೆಳಕಿನಲ್ಲಿ ನೋಡುವುದು ಒಳ್ಳೆಯದು. ಪಕ್ಕದ ಆರೋಗ್ಯವಂತ ಚರ್ಮದೊಂದಿಗೆ ಹೋಲಿಸಿ ನೋಡಬೇಕು.

ಇನ್ನೊಂದು ಗೊಂದಲ ಹಾಸಿಗೆ ಹುಣ್ಣಿನದು. ಒದ್ದೆಯಿಂದ ಬರುವ ಉರಿಯೂತ ಪೃಷ್ಠ, ತೊಡೆಯ ಒಳಭಾಗ, ಸಂದಿಗಳಲ್ಲಿ ಹರಡಿಕೊಂಡಂತೆ ಇರುತ್ತದೆ, ಅಂಚು ಸ್ಪಷ್ಟವಾಗಿರುವುದಿಲ್ಲ. ಒತ್ತಡದಿಂದ ಬರುವ ಹಾಸಿಗೆ ಹುಣ್ಣು ಮೂಳೆ ಎದ್ದಿರುವ ಕಡೆ, ಅಂದರೆ ಬೆನ್ನಿನ ತಳ, ಸೊಂಟದ ಪಕ್ಕ, ಹಿಮ್ಮಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅಂಚು ಹೆಚ್ಚು ನಿಖರ. ಮೊದಲನೆಯದಕ್ಕೆ ಒದ್ದೆ ತಪ್ಪಿಸುವುದು ಮುಖ್ಯ, ಎರಡನೆಯದಕ್ಕೆ ಮಗ್ಗುಲು ಬದಲಾಯಿಸಿ ಭಾರ ತಪ್ಪಿಸುವುದು ಮುಖ್ಯ. ಎಷ್ಟೋ ಸಲ ಎರಡೂ ಜೊತೆಗೇ ಇರುತ್ತವೆ. ಒದ್ದೆಯಿಂದ ಸೋತ ಚರ್ಮ ಒತ್ತಡಕ್ಕೆ ಬೇಗ ಒಡೆಯುತ್ತದೆ. ಅಲ್ಲಿ ಎಣ್ಣೆ ಹಾಕಿ ನೀವುವುದು ನಮ್ಮಲ್ಲಿ ರೂಢಿ. ಕಪ್ಪಾದ, ಬಿಸಿಯಾದ ಮೂಳೆಯ ಜಾಗವನ್ನು ನೀವಬಾರದು. ಒಳಗಿನ ಪದರಗಳಿಗೆ ಇನ್ನಷ್ಟು ಪೆಟ್ಟಾಗುತ್ತದೆ.

ತೊಳೆ, ಒಣಗಿಸು, ಕಾಪಾಡು

ಮೊದಲ ಮಾತು ಚರ್ಮದ್ದಲ್ಲ, ಕಾರಣದ್ದು. ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗಬಾರದು. ಮೂತ್ರದ ಸೋಂಕು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಊತ, ಬಿಪಿಗೆ ಕೊಡುವ ಮೂತ್ರವರ್ಧಕ ಮಾತ್ರೆ, ಹೆರಿಗೆಗಳಿಂದ ಸಡಿಲಗೊಂಡ ಸೊಂಟದ ತಳದ ಸ್ನಾಯು ಇವೆಲ್ಲ ಚಿಕಿತ್ಸೆಗೆ ಅಥವಾ ಹೊಂದಾಣಿಕೆಗೆ ಒಗ್ಗುವ ಕಾರಣಗಳು. ಕೆಲವೊಮ್ಮೆ ತೀವ್ರ ಮಲಬದ್ಧತೆಯೇ ಭೇದಿಯ ವೇಷದಲ್ಲಿ ಬರುತ್ತದೆ. ಗಟ್ಟಿ ಮಲದ ಪಕ್ಕದಿಂದ ನೀರು ಸೋರುತ್ತದೆ. ಅದಕ್ಕೆ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ತೊಂದರೆ ಹೆಚ್ಚುತ್ತದೆ. ಇದ್ದಕ್ಕಿದ್ದಂತೆ ಹಿಡಿತ ತಪ್ಪಿದರೆ ವೈದ್ಯರಿಗೆ ತೋರಿಸಲೇಬೇಕು. ಒದ್ದೆಯಾಗುತ್ತದೆಂದು ನೀರು ಕುಡಿಯುವುದನ್ನು ನಿಲ್ಲಿಸುವ ಹಿರಿಯರು ಬಹಳ. ಇದರಿಂದ ಮೂತ್ರ ಗಾಢವಾಗುತ್ತದೆ, ಸೋಂಕು ಮತ್ತು ಮಲಬದ್ಧತೆ ಎರಡಕ್ಕೂ ದಾರಿಯಾಗುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ವೈದ್ಯರೇ ನೀರಿನ ಮಿತಿ ಹೇಳಿದ್ದರೆ ಮಾತ್ರ ಅದು ಬೇರೆ ಮಾತು.

ಇನ್ನು ಚರ್ಮದ ಆರೈಕೆ. ಮಲವಾದರೆ ಕೂಡಲೇ ಬದಲಾವಣೆ, ಇದರಲ್ಲಿ ರಾಜಿಯಿಲ್ಲ. ಮೂತ್ರಕ್ಕೆ ಹಗಲಿನಲ್ಲಿ ಎರಡು ಮೂರು ಗಂಟೆಗೊಮ್ಮೆ ನೋಡಬೇಕು. ರಾತ್ರಿ ನಿದ್ದೆಯೂ ಬೇಕಾದ್ದರಿಂದ ಹೆಚ್ಚು ಹೀರುವ ಡಯಾಪರ್ ಹಾಕಿ, ಬದಲಾವಣೆಯನ್ನು ಮಗ್ಗುಲು ಬದಲಿಸುವ ಹೊತ್ತಿಗೆ ಹೊಂದಿಸಿಕೊಳ್ಳಬಹುದು. ಒಂದರ ಮೇಲೊಂದು ಎರಡು ಡಯಾಪರ್ ಕಟ್ಟಿದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ, ಬಿಸಿ ಮತ್ತು ಉಜ್ಜಾಟ ದುಪ್ಪಟ್ಟಾಗುತ್ತದೆ. ಸೊಂಟದ ಅಳತೆ ತೆಗೆದು ಸೈಜ್ ಆರಿಸಬೇಕು. ದೊಡ್ಡದು ಸೋರುತ್ತದೆ, ಚಿಕ್ಕದು ತೊಡೆ ಕೊರೆಯುತ್ತದೆ.

ತೊಳೆಯಲು ಉಗುರು ಬೆಚ್ಚಗಿನ ನೀರು ಸಾಕು. ಮಲ ಅಂಟಿದ್ದರೆ ಪಿಎಚ್ 5.5 ಎಂದು ನಮೂದಿಸಿರುವ, ಸುವಾಸನೆಯಿಲ್ಲದ ಕ್ಲೆನ್ಸರ್ ಬಳಸಬಹುದು. ಒರೆಸಿ ಬಿಟ್ಟರೆ ಸಾಕಾಗುವ, ನೀರು ಬೇಡದ ಕ್ಲೆನ್ಸರ್‌ಗಳೂ ಸಿಗುತ್ತವೆ. ವೆಟ್ ವೈಪ್ಸ್ ಆದರೆ ಆಲ್ಕೋಹಾಲ್ ಮತ್ತು ಪರಿಮಳ ಇಲ್ಲದ್ದಿರಲಿ. ನಂಜುನಾಶಕ ದ್ರವವನ್ನು ನೀರಿಗೆ ಬೆರೆಸುವ ಅಭ್ಯಾಸ ಬಿಡಬೇಕು, ಆಸ್ಪತ್ರೆಯ ವಾಸನೆ ಬಂದ ಮಾತ್ರಕ್ಕೆ ಚರ್ಮಕ್ಕೆ ಹಿತವಾಗುವುದಿಲ್ಲ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ತಿರುಗುಮುರುಗಾದರೆ ಮೂತ್ರದ ಸೋಂಕು ತಪ್ಪಿದ್ದಲ್ಲ.

ಒಣಗಿಸುವಾಗ ಉಜ್ಜಬಾರದು, ಒತ್ತಿ ಒತ್ತಿ ತೆಗೆಯಬೇಕು. ಇದಕ್ಕೆ ಹೊಸ ಟರ್ಕಿ ಟವೆಲ್‌ಗಿಂತ ಹಲವು ಸಲ ಒಗೆದು ಮೆತ್ತಗಾದ ಹಳೆಯ ಕಾಟನ್ ಸೀರೆಯ ತುಂಡು ಅಥವಾ ಪಂಚೆಯೇ ಮೇಲು. ಬಾಣಂತಿ ಕೋಣೆಯಲ್ಲಿ ಕೂಸಿಗೆ ಹಳೇ ಬಟ್ಟೆ ಹಾಸುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಹೊಟ್ಟೆ ಮತ್ತು ತೊಡೆಯ ಮಡಿಕೆಗಳನ್ನು ಬಿಡಿಸಿ ಒಣಗಿಸಬೇಕು. ಸಾಧ್ಯವಾದಾಗ ಡಯಾಪರ್ ಬಿಚ್ಚಿ, ಅಡಿಯಲ್ಲಿ ಹೀರುವ ಪ್ಯಾಡ್ ಹಾಸಿ, ಮೇಲೊಂದು ಹೊದಿಕೆ ಹೊದಿಸಿ ಅರ್ಧ ಗಂಟೆ ಗಾಳಿಯಾಡಲು ಬಿಡಬಹುದು. ಮೈಗೆ ನೇರವಾಗಿ ತಾಗುವ ರಬ್ಬರ್ ಶೀಟ್ ಹಾಸಿಗೆಯನ್ನು ಕಾಪಾಡುತ್ತದೆ, ಆದರೆ ಬೆವರನ್ನು ಹಿಡಿದಿಟ್ಟು ಚರ್ಮವನ್ನು ಕೆಡಿಸುತ್ತದೆ. ಅದರ ಮೇಲೆ ಕಾಟನ್ ಬಟ್ಟೆ ಇರಲೇಬೇಕು.

ಕೊನೆಯದು ತಡೆಗೋಡೆ. ಜಿಂಕ್ ಆಕ್ಸೈಡ್, ಪೆಟ್ರೋಲಿಯಂ ಜೆಲ್ಲಿ ಅಥವಾ ಡೈಮೆಥಿಕೋನ್ ಇರುವ ಮುಲಾಮು ಒದ್ದೆ ಮತ್ತು ಚರ್ಮದ ನಡುವೆ ಪದರವಾಗಿ ನಿಲ್ಲುತ್ತದೆ. ತೆಳುವಾಗಿ ಹಚ್ಚಬೇಕು. ಪೆಟ್ರೋಲಿಯಂ ಜೆಲ್ಲಿ ದಪ್ಪಗಾದರೆ ಡಯಾಪರ್‌ಗೆ ಮೆತ್ತಿಕೊಂಡು ಅದರ ಹೀರುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಪ್ರತಿ ಸಲ ಹಳೆಯ ಜಿಂಕ್ ಮುಲಾಮನ್ನು ಪೂರ್ತಿ ಕೆರೆದು ತೆಗೆಯಬೇಕಿಲ್ಲ. ಕೊಳೆಯಾದ ಮೇಲ್ಪದರವನ್ನಷ್ಟೇ ಒರೆಸಿ, ಮೇಲೆ ಮತ್ತೆ ಹಚ್ಚಿದರೆ ಸಾಕು. ಕೊಬ್ಬರಿ ಎಣ್ಣೆ ಒಣ ಕೈಕಾಲಿಗೆ ಒಳ್ಳೆಯದು. ಆದರೆ ಮೂತ್ರ, ಮಲವನ್ನು ತಡೆಯುವ ಗೋಡೆಯಾಗಿ ಅದು ನಿಲ್ಲುವುದಿಲ್ಲ. ಪೌಡರ್ ಬೆವರಿನೊಂದಿಗೆ ಕಲಸಿ ಮಡಿಕೆಗಳಲ್ಲಿ ಉಂಡೆಗಟ್ಟುತ್ತದೆ, ಮರಳಿನಂತೆ ಉಜ್ಜುತ್ತದೆ.

ಮೆಡಿಕಲ್ ಶಾಪ್‌ನಲ್ಲಿ ‘ಅಲರ್ಜಿಗೆ ಒಂದು ಟ್ಯೂಬ್ ಕೊಡಿ’ ಎಂದು ಕೇಳಿ ತರುವ ಮುಲಾಮಿನ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮೂರನ್ನೂ ಬೆರೆಸಿದ ಟ್ಯೂಬ್‌ಗಳು ಸುಲಭವಾಗಿ ಸಿಗುತ್ತವೆ. ಎರಡು ದಿನದಲ್ಲಿ ಉರಿ ಇಳಿಯುತ್ತದೆ, ವಾರಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿ ಮಾಡಿದೆ. ಆ ನಿಯಮಕ್ಕೆ ಬೆಲೆ ಬರುವುದು ನಾವು ಚೀಟಿಯಿಲ್ಲದೆ ಕೇಳುವುದನ್ನು ಬಿಟ್ಟಾಗ.

ಚರ್ಮ ಒಡೆದರೆ, ರಕ್ತ ಅಥವಾ ಕೀವು ಕಂಡರೆ, ದೊಡ್ಡ ಕಲೆಯ ಸುತ್ತ ಸಣ್ಣ ಸಣ್ಣ ಗುಳ್ಳೆಗಳೆದ್ದರೆ, ಕಪ್ಪು ಹೊಪ್ಪಳೆ, ಕೆಟ್ಟ ವಾಸನೆ, ಜ್ವರ ಬಂದರೆ ಮನೆಮದ್ದಿನ ಕಾಲ ಮುಗಿಯಿತು ಎಂದೇ ಅರ್ಥ. ಸರಿಯಾದ ಆರೈಕೆಯ ನಂತರವೂ ಎರಡು ಮೂರು ದಿನದಲ್ಲಿ ಕಡಿಮೆಯಾಗದಿದ್ದರೂ ಅಷ್ಟೇ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅಷ್ಟು ದಿನವೂ ಕಾಯಬಾರದು.

ಮಡಿ, ಸಂಕೋಚ ಮತ್ತು ಕೈಗಳು

ಮೇಲಿನದ್ದನ್ನೆಲ್ಲ ಮಾಡುವವರು ಯಾರು? ಬಹುತೇಕ ಮನೆಗಳಲ್ಲಿ ಎಪ್ಪತ್ತರ ಆಸುಪಾಸಿನ ಅಮ್ಮ, ಇಲ್ಲವೇ ಸೊಸೆ, ಅಥವಾ ಏಜೆನ್ಸಿಯಿಂದ ಬಂದ ಅಟೆಂಡರ್. ಅಪ್ಪನನ್ನು ಒಬ್ಬಳೇ ಮಗ್ಗುಲಿಗೆ ಹೊರಳಿಸುವ ಅಮ್ಮನ ಸೊಂಟದ ಮಾತು ಯಾರೂ ಎತ್ತುವುದಿಲ್ಲ. ಅಡ್ಡಲಾಗಿ ಹಾಸಿದ ಒಂದು ಗಟ್ಟಿ ಬಟ್ಟೆಯನ್ನು ಎರಡೂ ಬದಿಯಿಂದ ಹಿಡಿದು ಎತ್ತಿದರೆ ಅವರ ಸೊಂಟವೂ ಉಳಿಯುತ್ತದೆ, ಎಳೆದಾಟದಿಂದ ಅಪ್ಪನ ಚರ್ಮ ಹರಿಯುವುದೂ ತಪ್ಪುತ್ತದೆ. ಅದಕ್ಕೆ ಇಬ್ಬರು ಬೇಕು. ದಿನಕ್ಕೆ ಎರಡು ಹೊತ್ತು ಸಹಾಯಕ್ಕೆ ಬರುವವರಿಗೆ ಕೊಡುವ ದುಡ್ಡು, ಇನ್ನೊಂದು ದುಬಾರಿ ಗಾಳಿಹಾಸಿಗೆಗಿಂತ ಹೆಚ್ಚು ಕೆಲಸಕ್ಕೆ ಬರಬಹುದು.

ಸಂಕೋಚ ಇನ್ನೊಂದು ಗೋಡೆ. ಜೀವಮಾನವಿಡೀ ಮಡಿ ಕಾಯ್ದುಕೊಂಡು ಬಂದವರಿಗೆ ತಮ್ಮ ಮೈಯನ್ನು ಪರರು ಮುಟ್ಟಿ ತೊಳೆಯುವುದು ಸಾವಿಗಿಂತ ದೊಡ್ಡದು ಅನ್ನಿಸಬಹುದು. ‘ಇನ್ನೂ ಶುದ್ಧವಾಗಿಲ್ಲ, ಮತ್ತೆ ಸೋಪು ಹಚ್ಚು’ ಎಂದು ಹಟ ಹಿಡಿಯುವವರಿದ್ದಾರೆ, ಒದ್ದೆಯಾದದ್ದನ್ನು ಹೇಳದೆ ಗಂಟೆಗಟ್ಟಲೆ ಮಲಗಿರುವವರಿದ್ದಾರೆ. ಅವರಿಗೆ ಪಿಎಚ್ ಪಾಠ ಬೇಕಿಲ್ಲ. ಬಾಗಿಲು ಮುಚ್ಚುವುದು, ಬೇಕಾದಷ್ಟು ಭಾಗದ ಬಟ್ಟೆಯನ್ನಷ್ಟೇ ಸರಿಸುವುದು, ಏನು ಮಾಡುತ್ತಿದ್ದೇವೆಂದು ಮೊದಲೇ ಹೇಳುವುದು, ಅಮ್ಮನಿಗೆ ಹೆಣ್ಣು ಅಟೆಂಡರನ್ನೇ ಗೊತ್ತು ಮಾಡುವುದು, ವಾಸನೆಯ ಬಗ್ಗೆ ಅವರೆದುರು ಮಾತನಾಡದಿರುವುದು ಬೇಕು. ಒದ್ದೆಯಾದ ಕೂಡಲೇ ಹೇಳುವ ಧೈರ್ಯ ಬರುವುದು ಇವುಗಳಿಂದ. ಚರ್ಮದ ಆರೋಗ್ಯ ಆ ಧೈರ್ಯದ ಮೇಲೆ ನಿಂತಿದೆ.

ಅಟೆಂಡರ್‌ಗಳ ವಿಷಯಕ್ಕೆ ಬಂದರೆ, ನಾವು ಸಂಬಳದ ಚೌಕಾಸಿ ಮಾಡುತ್ತೇವೆ, ತರಬೇತಿಯನ್ನು ಕೇಳುವುದಿಲ್ಲ. ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯಲ್ಲಿ ಹೋಮ್ ಹೆಲ್ತ್ ಏಡ್ ಎಂಬ ತರಬೇತಿಯಿದೆ. ಏಜೆನ್ಸಿಯೊಂದಿಗೆ ಮಾತನಾಡುವಾಗ ಅಂಥದ್ದೇನಾದರೂ ಆಗಿದೆಯೇ ಎಂದು ಕೇಳಬಹುದು. ಆಗಿಲ್ಲದಿದ್ದರೆ ಊರಿನ ಅನುಭವಿ ನರ್ಸ್ ಒಬ್ಬರಿಗೆ ಗೌರವಧನ ಕೊಟ್ಟು, ಒಂದು ದಿನ ಮನೆಗೆ ಕರೆಸಿ, ಬದಲಾಯಿಸುವ ಕ್ರಮವನ್ನು ಅಮ್ಮನಿಗೂ ಅಟೆಂಡರ್‌ಗೂ ಮಾಡಿ ತೋರಿಸಲು ಹೇಳುವುದು ನಾವು ಮಾಡಬಹುದಾದ ಅತ್ಯುತ್ತಮ ಖರ್ಚು.

ದೂರದಿಂದ ಆಗುವುದೇನು

‘ಊಟ ಆಯ್ತಾ, ಮಾತ್ರೆ ತಗೊಂಡ್ರಾ’ ಎಂಬುದು ನಮ್ಮ ದಿನದ ಫೋನು. ಅದಕ್ಕೆ ಇನ್ನು ನಾಲ್ಕು ಪ್ರಶ್ನೆ ಸೇರಿಸಬಹುದು. ಬೆಳಿಗ್ಗೆ ಮೊದಲ ಸಲ ಬದಲಾಯಿಸಿದ್ದು ಎಷ್ಟು ಗಂಟೆಗೆ? ಮಲ ಗಟ್ಟಿಯಿತ್ತೋ, ತೆಳುವಿತ್ತೋ? ತೊಡೆ ಸಂದಿ ಒಣಗಿದೆಯೇ? ನಿನ್ನೆ ಇಲ್ಲದ ಗುರುತು ಇವತ್ತು ಎಲ್ಲಾದರೂ ಇದೆಯೇ? ಇದನ್ನು ಕೇಳಬೇಕಾದದ್ದು ಮಲಗಿರುವವರನ್ನಲ್ಲ, ನೋಡಿಕೊಳ್ಳುವವರನ್ನು, ಅದೂ ತನಿಖೆಯ ದನಿಯಲ್ಲಲ್ಲ.

ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಕೂಡಲೇ ಒಂದು ಸ್ಪ್ರೆಡ್‌ಶೀಟ್ ಮಾಡುವ ಚಪಲ. ಅದರ ಬದಲು ಹಾಸಿಗೆಯ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದರೆ ಸಾಕು. ಸಮಯ, ಮೂತ್ರ, ಮಲ, ಮುಲಾಮು, ಮಗ್ಗುಲು ಎಂದು ಐದು ಕಾಲಂ, ಟಿಕ್ ಹಾಕುವುದಷ್ಟೇ ಕೆಲಸ. ಓದು ಬರಹ ಕಡಿಮೆಯಿರುವ ಅಟೆಂಡರ್ ಕೂಡ ತುಂಬಬಲ್ಲರು. ರಾತ್ರಿ ಅದರದ್ದೊಂದು ಫೋಟೊ ವಾಟ್ಸ್‌ಆ್ಯಪ್‌ಗೆ ಬಂದರೆ ವಾರದ ಚಿತ್ರ ಕಣ್ಣಿಗೆ ಕಟ್ಟುತ್ತದೆ: ಭಾನುವಾರ ಅಟೆಂಡರ್ ರಜೆಯಾದ್ದರಿಂದ ಎಂಟು ಗಂಟೆ ಖಾಲಿ, ಬುಧವಾರದಿಂದ ಮಲ ತೆಳು. ಕ್ರಮ ಕೈಗೊಳ್ಳಲು ಅಷ್ಟು ಮಾಹಿತಿ ಸಾಕು.

ಚರ್ಮದ ಫೋಟೊ ಬೇರೆ ವಿಷಯ. ಅದು ವೈದ್ಯರಿಗಾಗಿ ಮಾತ್ರ, ಅಪ್ಪ ಅಮ್ಮನ ಒಪ್ಪಿಗೆ ಪಡೆದು, ಗಾಯದ ಜಾಗವಷ್ಟೇ ಕಾಣುವಂತೆ, ಮುಖವಿಲ್ಲದೆ. ಕುಟುಂಬದ ಗ್ರೂಪ್‌ಗೆ ಹೋಗಬಾರದು. ವಾಟ್ಸ್‌ಆ್ಯಪ್‌ಗೆ ಬಂದದ್ದು ಗ್ಯಾಲರಿಗೆ, ಅಲ್ಲಿಂದ ಕ್ಲೌಡ್‌ಗೆ, ಅಲ್ಲಿಂದ ಮನೆಯ ಟಿವಿಯ ಪರದೆಗೂ ತಾನಾಗಿ ಹೋಗಬಲ್ಲದು. ಕಳಿಸುವ ಮುನ್ನ ಆ ಸೆಟ್ಟಿಂಗ್ ಆಫ್ ಮಾಡಿ, ಕೆಲಸ ಮುಗಿದ ಮೇಲೆ ಎರಡೂ ಕಡೆ ಅಳಿಸಬೇಕು. ಸರ್ಕಾರದ ಇ-ಸಂಜೀವಿನಿಯಲ್ಲಿ ವೈದ್ಯರೊಂದಿಗೆ ಉಚಿತವಾಗಿ ವಿಡಿಯೊ ಸಮಾಲೋಚನೆ ಮಾಡಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು.

ನೀತಿ ಎಲ್ಲಿ ನಿಂತಿದೆ

ಹೊಸ ಜಿಎಸ್‌ಟಿಯಲ್ಲಿ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ತೆರಿಗೆಯೂ ಶೂನ್ಯವಾಯಿತು. ಒಳ್ಳೆಯದೇ. ಆದರೆ ವಿಮಾ ನಿಯಂತ್ರಕ ಐಆರ್‌ಡಿಎಐ ಪ್ರಕಟಿಸಿರುವ, ಪಾವತಿ ಸಿಗದ ವಸ್ತುಗಳ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಸೌಂದರ್ಯ ಸೇವೆ, ಕ್ಯಾರಿ ಬ್ಯಾಗ್, ಇಂಟರ್ನೆಟ್ ಶುಲ್ಕ, ಮಿನರಲ್ ವಾಟರ್‌ಗಳ ಸಾಲಿನಲ್ಲಿ ‘ಯಾವುದೇ ಬಗೆಯ ಡಯಾಪರ್’ ಕೂಡ ಕುಳಿತಿದೆ. ಪಾರ್ಶ್ವವಾಯುವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ ಡಯಾಪರ್ ಶೋಕಿಯ ವಸ್ತುವೇ? ಹೆಚ್ಚುವರಿ ಹಣ ಕೊಟ್ಟರೆ ಇಂಥ ಬಳಕೆಯ ವಸ್ತುಗಳನ್ನೂ ಒಳಗೊಳ್ಳುವ ರೈಡರ್‌ಗಳಿವೆ. ನಮ್ಮ ಕಂಪನಿಗಳ ಗುಂಪು ವಿಮೆಯಲ್ಲಿ ತಂದೆ ತಾಯಿ ಸೇರಿದ್ದರೆ, ಮುಂದಿನ ನವೀಕರಣದ ಹೊತ್ತಿಗೆ ಎಚ್‌ಆರ್ ವಿಭಾಗಕ್ಕೆ ಇದನ್ನು ಕೇಳುವುದು ನಮ್ಮ ಕೈಯಲ್ಲೇ ಇದೆ.

70 ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಆಯುಷ್ಮಾನ್ ರಕ್ಷಣೆಯನ್ನು ಕೇಂದ್ರ 2024ರಲ್ಲಿ ಘೋಷಿಸಿತು. ಅದು ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ. ಹುಣ್ಣಾದ ಮೇಲೆ ದುಡ್ಡು ಸಿಗುತ್ತದೆ, ಹುಣ್ಣಾಗದಂತೆ ನೋಡಿಕೊಳ್ಳಲು ಸಿಗುವುದಿಲ್ಲ. 2017ರ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ಹಿರಿಯರಿಗೆ ಊರುಗೋಲು, ಶ್ರವಣ ಸಾಧನ, ಗಾಲಿಕುರ್ಚಿ ಕೊಡುತ್ತದೆ. ಅಲ್ಲೂ ಮತ್ತೆ ವಸ್ತುವೇ. ಹಿರಿಯರ ಆರೋಗ್ಯಕ್ಕಾಗಿ 2010-11ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮಾತ್ರ ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಕಾರ್ಯಕರ್ತರು ಭೇಟಿ ಕೊಡುವ ಅಂಶವಿದೆ. ಕಾಗದದಲ್ಲಿರುವ ಈ ಭೇಟಿ ನಮ್ಮ ಊರಿನ ಉಪಕೇಂದ್ರದಿಂದ ನಡೆಯುತ್ತಿದೆಯೇ ಎಂದು ಕೇಳುವ ಹಕ್ಕು ನಮಗಿದೆ.

ಮನೆಗೆ ಹೋಗುವ ವ್ಯವಸ್ಥೆ ಅಸಾಧ್ಯವಲ್ಲ ಎಂಬುದಕ್ಕೆ ಪಕ್ಕದ ಕೇರಳವೇ ಸಾಕ್ಷಿ. 1993ರಲ್ಲಿ ಕೋಯಿಕ್ಕೋಡ್‌ನ ಒಂದು ನೋವು ಶಮನ ಕ್ಲಿನಿಕ್‌ನಿಂದ ಆರಂಭವಾದ ಚಳವಳಿ, 2008ರಲ್ಲಿ ರಾಜ್ಯದ ಉಪಶಾಮಕ ಆರೈಕೆ ನೀತಿಯಾಯಿತು. ಪಂಚಾಯಿತಿಗಳು ಅದರ ಹೊಣೆ ಹೊತ್ತವು, ನರ್ಸ್‌ಗಳು ಮನೆ ಮನೆಗೆ ಹೋಗತೊಡಗಿದರು. ನರ್ಸ್ ಹಾಸಿಗೆಯ ಪಕ್ಕ ನಿಂತು ಮನೆಯವರಿಗೆ ಮಾಡಿ ತೋರಿಸುವ ಪಾಠ ಯಾವ ಕರಪತ್ರದಿಂದಲೂ ಬರುವುದಿಲ್ಲ. ಕರ್ನಾಟಕ 2024ರಲ್ಲಿ ಕೋಲಾರದಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ತಂಡ ಮನೆ ಬಾಗಿಲಿಗೆ ಬಂದು ಬಿಪಿ, ಸಕ್ಕರೆ ಮುಂತಾದ ಕಾಯಿಲೆಗಳ ತಪಾಸಣೆ ಮಾಡುತ್ತದೆ. ಬಾಗಿಲಿಗೆ ಬಂದವರು ಒಂದು ಹೆಜ್ಜೆ ಒಳಗೆ ಬಂದು, ‘ಹಾಸಿಗೆ ಹಿಡಿದವರು ಇದ್ದಾರೆಯೇ, ಚರ್ಮ ಹೇಗಿದೆ’ ಎಂದು ಕೇಳುವಂತಾದರೆ ಅದಕ್ಕೆ ಹೊಸ ಯೋಜನೆ ಬೇಕಿಲ್ಲ. ತಪಾಸಣೆಯ ಫಾರಂನಲ್ಲಿ ಎರಡು ಪ್ರಶ್ನೆ, ತರಬೇತಿಯಲ್ಲಿ ಅರ್ಧ ದಿನ ಸಾಕು.

ನಾವು ಹೊರರಾಜ್ಯದಲ್ಲಿರುವವರು ಊರಿನ ಶಾಸಕರಿಗೆ ಮತವಾಗಿ ಎಷ್ಟು ಮುಖ್ಯವೋ ಗೊತ್ತಿಲ್ಲ, ಆದರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ದಿನನಿತ್ಯದ ಬಳಕೆದಾರರ ಮಕ್ಕಳು ನಾವು. ಹಬ್ಬಕ್ಕೆ ಊರಿಗೆ ಹೋದಾಗ ಅರ್ಧ ಗಂಟೆ ಅಲ್ಲಿಗೆ ಹೋಗಿ, ಮನೆ ಭೇಟಿಯ ಬಗ್ಗೆ ವಿಚಾರಿಸಿ, ಅಪ್ಪ ಅಮ್ಮನ ಹೆಸರು ಬರೆಸಿ ಬರಬಹುದು. ಆಶಾ ಕಾರ್ಯಕರ್ತೆಯ ನಂಬರ್ ನಮ್ಮ ಫೋನಿನಲ್ಲಿರಬೇಕು. ಮುಂದಿನ ತಿಂಗಳ ಆರ್ಡರ್ ಹಾಕುವಾಗ ಡಯಾಪರ್ ಜೊತೆ ಒಂದು ಜಿಂಕ್ ಮುಲಾಮು, ಒಂದು ಪಿಎಚ್ 5.5 ಕ್ಲೆನ್ಸರ್ ಸೇರಿಸಿ, ಪೌಡರ್ ಡಬ್ಬಿಯನ್ನು ಪಟ್ಟಿಯಿಂದ ತೆಗೆಯಿರಿ. ಆಮೇಲೆ ಅದನ್ನು ಹಚ್ಚುವವರಿಗೆ ಫೋನ್ ಮಾಡಿ, ಅವರಿಗೆ ಬೇಕಾದದ್ದೇನು ಎಂದು ಕೇಳಿ.